ಮುಟ್ಟಿದ ಕಾಯಿ, ಚಾಚಿದ ಕೈ

ಬೇಸಿಗೆಯ ರಜೆ ಬಂದಿತೆಂದರೆ ಊರೂರುಗಳಲ್ಲಿ ಮಕ್ಕಳ ಚದುರಂಗ ಪಂದ್ಯಾವಳಿಗಳು ಆರಂಭವಾಗುತ್ತವೆ. ಶಾಲೆಯ ಸಭಾಭವನದಲ್ಲೋ ಕಲ್ಯಾಣಮಂಟಪದಲ್ಲೋ ಉದ್ದಕ್ಕೆ ಜೋಡಿಸಿದ ಮೇಜುಗಳು, ಮೇಜಿನ ಮೇಲೆ ಹಾಸಿದ ಹಸಿರು-ಬಿಳಿ ಮನೆಗಳ ಹಾಳೆ, ಎದುರುಬದುರಾಗಿ ಕುಳಿತ ಎಳೆಯ ಮುಖಗಳು. ಒಳಗೆ ಗಡಿಯಾರದ ಗುಂಡಿ ಒತ್ತುವ ಸದ್ದಿನ ಹೊರತು ಬೇರೆ ಸದ್ದಿಲ್ಲ. ಹೊರಗೆ, ಬಾಗಿಲ ಬಳಿ, ಬುತ್ತಿಯ ಚೀಲ ಹಿಡಿದು ನಿಂತ ತಂದೆ-ತಾಯಂದಿರು. ಬಾಗಿಲು ತೆರೆದು ಮಗು ಹೊರಬಂದೊಡನೆ ಅದರ ಕಿವಿಗೆ ಬೀಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: “ಏನಾತು? ಗೆದ್ದೀಯೋ, ಸೋತೀಯೋ?”

ಆ ಪ್ರಶ್ನೆಯಲ್ಲಿ ಪ್ರೀತಿಯಿದೆ, ಆತಂಕವಿದೆ. ಬಸ್ಸಿನ ಖರ್ಚು, ಪ್ರವೇಶಶುಲ್ಕ, ಒಂದು ದಿನದ ದುಡಿಮೆಯನ್ನು ಬಿಟ್ಟು ಬಂದ ಲೆಕ್ಕವೂ ಇದೆ. ಅದನ್ನು ನಾವು ಹಳಿಯಲಾರೆವು. ಆದರೆ ಚದುರಂಗದ ಒಂದು ಆಟದಲ್ಲಿ ಗೆಲುವು-ಸೋಲುಗಳಿಗಿಂತ ದೊಡ್ಡದಾದ ಇನ್ನೊಂದು ಪರೀಕ್ಷೆ ನಡೆದಿರುತ್ತದೆ. ಅದರ ಫಲಿತಾಂಶವನ್ನು ಯಾವ ಫಲಕದ ಮೇಲೂ ಬರೆಯುವುದಿಲ್ಲ. ಅದು ಮಗುವಿಗೆ ಮಾತ್ರ ಗೊತ್ತು. ಆ ಪರೀಕ್ಷೆಯನ್ನು ಕುರಿತು ಈ ವಾರ ನಮ್ಮ ಕುಟುಂಬಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬಯಸುತ್ತೇವೆ.

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹುಲಗೂರನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಹಜರತ್ ಖಾದರಷಾ ವಲಿಯವರ ದರ್ಗಾ ಇರುವ ಊರದು. ಸಂತ ಶಿಶುನಾಳ ಷರೀಫರ (1819-1889) ತಂದೆ-ತಾಯಿಗಳು ಈ ವಲಿಯವರಿಗೆ ನಡೆದುಕೊಂಡು ಮಗನನ್ನು ಪಡೆದರೆಂಬುದು ಆ ಸೀಮೆಯಲ್ಲಿ ಮನೆಮಾತು. ಮುಂದೆ ಆ ಷರೀಫರು ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಕುಲದ ಪ್ರಶ್ನೆಯನ್ನೆತ್ತಿದ ಕನಕದಾಸರ ಬಾಡ ಗ್ರಾಮವೂ ಇದೇ ತಾಲ್ಲೂಕಿನದು. 1924ರಲ್ಲಿ ಪ್ಯಾರಿಸ್ ನಗರದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆಯ ಧ್ಯೇಯವಾಕ್ಯ ಲತೀನ್ ಭಾಷೆಯಲ್ಲಿದ್ದು, ನಾವೆಲ್ಲ ಒಂದೇ ಕುಲದವರೆಂಬ ಅರ್ಥವನ್ನು ಕೊಡುತ್ತದೆ. ಆ ಮಾತನ್ನು ಹುಲಗೂರಿನ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಅಲ್ಲಿಂದ ಒಬ್ಬ ಬಾಲಕಿ ಇಂತಹ ಪಂದ್ಯಾವಳಿಯೊಂದಕ್ಕೆ ಬಂದಿದ್ದಾಳೆಂದು ಕಲ್ಪಿಸಿಕೊಳ್ಳೋಣ. ಹನ್ನೊಂದು ವರ್ಷದವಳು. ಅವಳ ಎದುರಿಗೆ ಹಾನಗಲ್ಲಿನ ಬಾಲಕನೊಬ್ಬ. ಅವನಿಗೂ ಅಷ್ಟೇ ವಯಸ್ಸು. ಬಾಲಕಿಗೆ ಬಿಳಿಯ ಕಾಯಿಗಳು. ಇಬ್ಬರೂ ಕೈಕುಲುಕಿ ಆಟವನ್ನು ಆರಂಭಿಸುತ್ತಾರೆ.

ಬಾಲಕಿ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ನಡೆಸುತ್ತಾಳೆ. ಬಾಲಕನೂ ಹಾಗೆಯೇ ಮಾಡುತ್ತಾನೆ. ಅವಳು ಕುದುರೆಯನ್ನು ಹೊರತಂದು ಅವನ ಕಾಲಾಳಿನ ಮೇಲೆ ಕಣ್ಣಿಡುತ್ತಾಳೆ. ಅವನು ಇನ್ನೊಂದು ಬದಿಯ ಕುದುರೆಯಿಂದ ಅದನ್ನು ಕಾಯುತ್ತಾನೆ. ಮೂರನೆಯ ನಡೆಯಲ್ಲಿ ಅವಳು ತನ್ನ ಒಂಟೆಯನ್ನು ದೂರ ಓಡಿಸಿ ಆ ಕುದುರೆಗೆ ಎದುರಾಗಿ ನಿಲ್ಲಿಸುತ್ತಾಳೆ. ಜಗತ್ತಿನ ಎಲ್ಲ ಪಂದ್ಯಾವಳಿಗಳಲ್ಲಿಯೂ ಕಾಣಬರುವ ಈ ಆರಂಭಕ್ಕೆ ರೂಯ್ ಲೋಪೆಜ್ ಎಂಬ ಹೆಸರಿದೆ. ರೂಯ್ ಲೋಪೆಜ್ ಸ್ಪೇನ್ ದೇಶದ ಸಾಫ್ರಾ ಎಂಬ ಊರಿನ ಕಥೋಲಿಕ ಯಾಜಕರು. 1561ರಲ್ಲಿ ಅವರು ಚದುರಂಗವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಕನ್ನಡಿಗರು ಒಂಟೆಯೆಂದು ಕರೆಯುವ ಆ ಕಾಯಿಗೆ ಇಂಗ್ಲಿಷಿನಲ್ಲಿ ಬಿಷಪ್ ಎಂದು ಹೆಸರು. ಮರುಭೂಮಿಯ ಒಂಟೆಯೂ ಧರ್ಮಾಧ್ಯಕ್ಷರೂ ಒಂದೇ ಕಾಯಿಯಲ್ಲಿ ಕೂಡಿರುವುದು ಭಾಷೆಗಳ ವಿನೋದವೇ ಸರಿ.

ಬಾಲಕ ತನ್ನ ಅಂಚಿನ ಕಾಲಾಳನ್ನು ಒಂದು ಮನೆ ಸರಿಸಿ ಒಂಟೆಯನ್ನು ಬೆದರಿಸುತ್ತಾನೆ. ಒಂಟೆ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಬಾಲಕ ಮಂತ್ರಿಯ ಮುಂದಿನ ಕಾಲಾಳನ್ನು ಒಂದು ಮನೆ ನಡೆಸಿ ತನ್ನ ನಡುಮನೆಯನ್ನು ಬಲಪಡಿಸುತ್ತಾನೆ. ಬಾಲಕಿ ಹುರುಪಿನಿಂದ ತನ್ನ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನುಗ್ಗಿಸುತ್ತಾಳೆ. ಬಾಲಕ ಇನ್ನೊಂದು ಕಾಲಾಳಿನಿಂದ ಒಂಟೆಯನ್ನು ಮತ್ತೆ ಹಿಂದಟ್ಟಿ, ಬಳಿಕ ಕುದುರೆಯಿಂದ ನಡುವಿನ ಕಾಲಾಳನ್ನು ಹೊಡೆಯುತ್ತಾನೆ. ಅವಳ ಕುದುರೆ ಅವನ ಕುದುರೆಯನ್ನು ಹೊಡೆಯುತ್ತದೆ. ಅವನ ಕಾಲಾಳು ಅವಳ ಕುದುರೆಯನ್ನು ಹೊಡೆಯುತ್ತದೆ. ಈಗ ಹಲಗೆಯ ನಡುವೆ ಅವನ ಕಾಲಾಳು ಒಂಟಿಯಾಗಿ ನಿಂತಿದೆ. ಅವಳ ಮಂತ್ರಿಗೆ ದಾರಿ ತೆರೆದಿದೆ. ಎಂಟನೆಯ ನಡೆ. ಹೊಡೆದರೆ ಲೆಕ್ಕ ಸಮನಾಗುತ್ತದೆ. ಅವಳ ಕೈ ಮುಂದಕ್ಕೆ ಹೋಗುತ್ತದೆ, ಬೆರಳುಗಳು ಮಂತ್ರಿಯನ್ನು ಹಿಡಿಯುತ್ತವೆ.

ಅದೇ ಕ್ಷಣದಲ್ಲಿ ಅವಳಿಗೆ ಅಪಾಯ ಕಾಣುತ್ತದೆ. ಮಂತ್ರಿ ಆ ಕಾಲಾಳನ್ನು ಹೊಡೆದರೆ, ಬಾಲಕನ ಇನ್ನೊಂದು ಕಾಲಾಳು ಮುಂದೆ ಬಂದು ಮಂತ್ರಿಯನ್ನು ಅಟ್ಟುತ್ತದೆ. ಮಂತ್ರಿ ಅತ್ತಿತ್ತ ಓಡಾಡುವುದರೊಳಗಾಗಿ ಅದೇ ಕಾಲಾಳು ಮತ್ತೊಂದು ಹೆಜ್ಜೆಯಿಟ್ಟು, ಮೂರು ಕಾಲಾಳುಗಳ ಬೇಲಿಯೊಳಗೆ ಅವಳ ಒಂಟೆ ಸಿಕ್ಕಿಬೀಳುತ್ತದೆ. ಚದುರಂಗದ ಗ್ರಂಥಗಳಲ್ಲಿ ಇದಕ್ಕೆ ನೋವನ ನಾವೆಯ ಬಲೆ ಎಂದು ಹೆಸರು. ಆ ನಾವೆಯಷ್ಟೇ ಹಳೆಯ ಬಲೆಯೆಂಬುದು ಆ ಹೆಸರಿಗೆ ಹೇಳುವ ಕಾರಣಗಳಲ್ಲೊಂದು. ಎಳೆಯರು ಮಾತ್ರ ಇದಕ್ಕೆ ಬೀಳುವರೆಂದು ತಿಳಿಯಬೇಕಾಗಿಲ್ಲ. 1929ರಲ್ಲಿ ಬುಡಾಪೆಸ್ಟಿನಲ್ಲಿ ಎಂಡ್ರೆ ಸ್ಟೈನರ್ ಎಂಬ ನುರಿತ ಆಟಗಾರರು, ಮಾಜಿ ವಿಶ್ವವಿಜೇತ ಕಾಪಾಬ್ಲಾಂಕಾ ಅವರೆದುರು ಇದೇ ಬಲೆಯಲ್ಲಿ ಸಿಕ್ಕಿಕೊಂಡು ಆಟವನ್ನು ಕಳೆದುಕೊಂಡರು.

ಬಾಲಕಿಗೆ ಬಲೆ ಕಂಡಿದೆ. ಆದರೆ ಬೆರಳು ಕಾಯಿಯನ್ನು ಮುಟ್ಟಿಬಿಟ್ಟಿದೆ. ಎದುರಿನ ಬಾಲಕ ತಲೆಬಗ್ಗಿಸಿ ತನ್ನ ಹಾಳೆಯಲ್ಲಿ ಹಿಂದಿನ ನಡೆಯನ್ನು ಬರೆದುಕೊಳ್ಳುತ್ತಿದ್ದಾನೆ. ತೀರ್ಪುಗಾರರು ಸಾಲಿನ ಆ ತುದಿಯಲ್ಲಿದ್ದಾರೆ. ಯಾರೂ ನೋಡಿಲ್ಲ.

ಅಂತರರಾಷ್ಟ್ರೀಯ ನಿಯಮ ಇಲ್ಲಿ ಸ್ಪಷ್ಟವಾಗಿದೆ. ತನ್ನ ಸರದಿಯಲ್ಲಿ ಆಟಗಾರನು ನಡೆಸುವ ಉದ್ದೇಶದಿಂದ ತನ್ನ ಕಾಯಿಯೊಂದನ್ನು ಮುಟ್ಟಿದರೆ, ಅದಕ್ಕೆ ಕ್ರಮಬದ್ಧವಾದ ನಡೆಯಿರುವಾಗ ಅದನ್ನೇ ನಡೆಸಬೇಕು. ಎದುರಾಳಿಯ ಕಾಯಿಯನ್ನು ಮುಟ್ಟಿದರೆ, ಹೊಡೆಯಲು ಸಾಧ್ಯವಿರುವಾಗ ಅದನ್ನು ಹೊಡೆಯಬೇಕು. ಓರೆಯಾಗಿ ನಿಂತ ಕಾಯಿಯನ್ನು ನೆಟ್ಟಗೆ ಮಾಡಬೇಕಾದರೆ ಮುಟ್ಟುವ ಮೊದಲೇ ‘ಸರಿಪಡಿಸುತ್ತೇನೆ’ ಎಂದು ಹೇಳಬೇಕು. ಮುಟ್ಟಿದ ಮೇಲೆ ಹೇಳಿದರೆ ಅದಕ್ಕೆ ಬೆಲೆಯಿಲ್ಲ. ಹಾಗೆಯೇ, ಒಂದು ಮನೆಯಲ್ಲಿ ಕಾಯಿಯನ್ನಿಟ್ಟು ಕೈಬಿಟ್ಟ ಮೇಲೆ ಅದನ್ನು ಹಿಂದೆ ತೆಗೆದುಕೊಳ್ಳುವಂತಿಲ್ಲ.

ಬಾಲಕಿಯ ಮುಂದೆ ಎರಡು ದಾರಿಗಳಿವೆ. ಕೈಯನ್ನು ಮೆಲ್ಲನೆ ಹಿಂದಕ್ಕೆಳೆದು, ಒಂಟೆಯನ್ನು ನಡೆಸಿ ಸುರಕ್ಷಿತಳಾಗಬಹುದು. ಇಲ್ಲವೆ ಮುಟ್ಟಿದ ಮಂತ್ರಿಯನ್ನೇ ನಡೆಸಬಹುದು. ಕಾಲಾಳನ್ನು ಹೊಡೆಯಲೇಬೇಕೆಂಬ ನಿರ್ಬಂಧವಿಲ್ಲ, ಏಕೆಂದರೆ ಅವಳು ಅದನ್ನು ಮುಟ್ಟಿಲ್ಲ. ಮಂತ್ರಿಯನ್ನು ಬೇರೊಂದು ಮನೆಗೆ ಒಯ್ದರೆ ಒಂಟೆ ಉಳಿಯುತ್ತದೆ. ಆದರೆ ಒಂದು ಕಾಲಾಳಿನ ಕೊರತೆ ಆಟದುದ್ದಕ್ಕೂ ಉಳಿಯುತ್ತದೆ. ಎದುರಾಳಿ ಜಾಣನಾಗಿದ್ದರೆ ಮುಂದಿನ ನಲವತ್ತು ನಡೆಗಳಲ್ಲಿ ಆ ಒಂದು ಕಾಲಾಳೇ ಅವಳ ಸೋಲಿಗೆ ಕಾರಣವಾಗಬಹುದು.

ಆ ಎರಡು ಉಸಿರುಗಳ ಅವಧಿಯಲ್ಲಿ ಮಗು ಒಬ್ಬಂಟಿಯಾಗಿರುತ್ತದೆ. ತಂದೆಯಿಲ್ಲ, ತಾಯಿಯಿಲ್ಲ, ಉಪಾಧ್ಯಾಯರಿಲ್ಲ. ನಾವು ಧರ್ಮೋಪದೇಶದ ತರಗತಿಯಲ್ಲಿ ಅಂತಃಸಾಕ್ಷಿಯೆಂದರೆ ಏನೆಂದು ಎಷ್ಟು ಪುಟಗಳಲ್ಲಿ ವಿವರಿಸಿದರೂ ಅದು ಮಗುವಿಗೆ ಪಾಠವಾಗಿಯೇ ಉಳಿಯುವುದುಂಟು. ಇಲ್ಲಿ ಅದು ಬೆರಳ ತುದಿಗೆ ಬಂದು ನಿಂತಿರುತ್ತದೆ. ಬಾಲಕಿ ಮಂತ್ರಿಯನ್ನು ಎತ್ತಿ ಬೇರೆ ಮನೆಯಲ್ಲಿಟ್ಟು ಗಡಿಯಾರವನ್ನು ಒತ್ತಿದಳೆಂದುಕೊಳ್ಳೋಣ. ಆಟವನ್ನು ಸೋತಳೆಂದೂ ಇಟ್ಟುಕೊಳ್ಳೋಣ. ಹೊರಗೆ ಬಂದಾಗ ಅವಳು “ಸೋತೆ” ಎಂದಷ್ಟೇ ಹೇಳುತ್ತಾಳೆ. ಅವಳು ಗೆದ್ದದ್ದು ಏನೆಂಬುದನ್ನು ನಾವು ಕೇಳುವುದೇ ಇಲ್ಲ.

ಈ ಪರೀಕ್ಷೆ ಸಣ್ಣವರಿಗಷ್ಟೇ ಸೀಮಿತವಲ್ಲ. 1994ರಲ್ಲಿ ಸ್ಪೇನಿನ ಲಿನಾರೆಸ್ ನಗರದಲ್ಲಿ ನಡೆದ ಪಂದ್ಯಾವಳಿಯಲ್ಲಿ 17 ವರ್ಷದ ಹಂಗೆರಿಯ ಜೂಡಿತ್ ಪೋಲ್ಗಾರ್, ಅಂದು ಜಗತ್ತಿನ ಅಗ್ರಮಾನ್ಯ ಆಟಗಾರರಾಗಿದ್ದ ಗ್ಯಾರಿ ಕ್ಯಾಸ್ಪರೋವ್ ಅವರೆದುರು ಕುಳಿತಿದ್ದರು. ಕ್ಯಾಸ್ಪರೋವ್ ತಮ್ಮ ಕುದುರೆಯನ್ನು ಒಂದು ಮನೆಯಲ್ಲಿಟ್ಟರು. ಅಲ್ಲಿ ತಮಗೆ ನಷ್ಟವಿದೆಯೆಂದು ಹೊಳೆದೊಡನೆ ಅದನ್ನೆತ್ತಿ ಬೇರೊಂದು ಮನೆಯಲ್ಲಿಟ್ಟರು. ನಡುವೆ ಬೆರಳುಗಳು ಕಾಯಿಯನ್ನು ಬಿಟ್ಟಿದ್ದವೆಂಬುದನ್ನು ದೂರದರ್ಶನದ ಕ್ಯಾಮರಾ ಆಮೇಲೆ ತೋರಿಸಿತು. ಅದು ಒಂದು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು. ಎದುರಿಗಿದ್ದ ಹುಡುಗಿ ಆ ಗಳಿಗೆಯಲ್ಲಿ ದೂರು ಕೊಡಲಿಲ್ಲ. ಅಂತಹ ಮಹಾ ಆಟಗಾರನ ಮೇಲೆ ಆಕ್ಷೇಪವೆತ್ತುವುದು ಆ ವಯಸ್ಸಿನಲ್ಲಿ ಸುಲಭವೂ ಅಲ್ಲ. ಆಟವನ್ನು ಕ್ಯಾಸ್ಪರೋವ್ ಗೆದ್ದರು. ಕೈಬಿಟ್ಟದ್ದು ತಮ್ಮ ಅರಿವಿಗೆ ಬರಲಿಲ್ಲವೆಂಬುದು ಅವರ ನಿಲುವಾಗಿತ್ತು. ಅವರ ಮನಸ್ಸಿನೊಳಗನ್ನು ನಾವು ತೂಗಲಾರೆವು. ಆದರೆ ಒಂದು ಮಾತು ನಿಜ. ಅವರು ಗೆದ್ದ ನೂರಾರು ಆಟಗಳ ನಡೆಗಳು ಜನರಿಗೆ ಮರೆತಿರಬಹುದು, ಆ ಕಾಲು ಸೆಕೆಂಡು ಮಾತ್ರ ಇಂದಿಗೂ ಚರ್ಚೆಗೆ ಬರುತ್ತಿದೆ. 2002ರಲ್ಲಿ ಮಾಸ್ಕೋದಲ್ಲಿ ನಡೆದ ವೇಗದ ಆಟವೊಂದರಲ್ಲಿ ಪೋಲ್ಗಾರ್ ಅದೇ ಕ್ಯಾಸ್ಪರೋವ್ ಅವರನ್ನು ಸೋಲಿಸಿದರು.

ಧರ್ಮಸಭೆಗೂ ಈ ಆಟಕ್ಕೂ ಇರುವ ನಂಟು ಹಳೆಯದು. ಅದೇನೂ ಸದಾ ಮಧುರವಾಗಿರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಸಂತ ಪೀಟರ್ ಡೇಮಿಯನ್ನರು ತಮ್ಮೊಡನೆ ಪ್ರಯಾಣ ಮಾಡುತ್ತಿದ್ದ ಫ್ಲಾರೆನ್ಸಿನ ಧರ್ಮಾಧ್ಯಕ್ಷರು ಸಂಜೆಯ ಹೊತ್ತು ಚದುರಂಗದಲ್ಲಿ ಕಳೆದುದನ್ನು ಕಂಡು ಕಟುವಾಗಿ ಖಂಡಿಸಿದರು. ದಾಳದ ಆಟ ಬೇರೆ, ಚದುರಂಗ ಬೇರೆ ಎಂದು ಧರ್ಮಾಧ್ಯಕ್ಷರು ವಾದಿಸಿ ನೋಡಿದರು, ಸಂತರು ಒಪ್ಪಲಿಲ್ಲ. ಕೀರ್ತನೆಗಳನ್ನು ಮೂರಾವರ್ತಿ ಪಠಿಸಬೇಕು, ಹನ್ನೆರಡು ಮಂದಿ ಬಡವರ ಪಾದ ತೊಳೆದು ದಾನ ಕೊಡಬೇಕು ಎಂದು ಪ್ರಾಯಶ್ಚಿತ್ತ ವಿಧಿಸಿದರು. ಧರ್ಮಾಧ್ಯಕ್ಷರು ತಲೆಬಾಗಿ ಅದನ್ನು ಸ್ವೀಕರಿಸಿದರೆಂದು ಸಂತರೇ ತಮ್ಮ ಪತ್ರದಲ್ಲಿ ತಿಳಿಸಿದ್ದಾರೆ. ಸೋತಾಗ ತಲೆಬಾಗುವುದನ್ನು ಅವರು ಚದುರಂಗದಿಂದಲೇ ಕಲಿತಿದ್ದರೋ ಏನೋ!

ಮೇಲೆ ಹೇಳಿದ ರೂಯ್ ಲೋಪೆಜ್ ಅವರ ಗ್ರಂಥದಲ್ಲಿಯೂ ನಾವು ಮೆಚ್ಚಲಾಗದ ಉಪದೇಶವೊಂದಿದೆ. ಬಿಸಿಲು ಎದುರಾಳಿಯ ಕಣ್ಣಿಗೆ ಬೀಳುವಂತೆ ಹಲಗೆಯನ್ನಿಡಬೇಕಂತೆ! ಯಾಜಕರಾದರೂ ಗೆಲ್ಲಬೇಕೆಂಬ ಆಸೆ ಅವರನ್ನು ಅಷ್ಟು ದೂರ ಎಳೆದಿತ್ತು. ಹಿಂದೆ ರೋಮ್ ನಗರದಲ್ಲಿ ಅವರಿಂದ ಸೋತಿದ್ದ ಇಟಲಿಯ ಲಿಯೊನಾರ್ಡೊ ಎಂಬ ಆಟಗಾರ ಎದೆಗುಂದದೆ ಆಟವನ್ನು ಅಭ್ಯಾಸ ಮಾಡಿ, 1575ರಲ್ಲಿ ಮ್ಯಾಡ್ರಿಡ್ಡಿನಲ್ಲಿ ದೊರೆ ಎರಡನೆಯ ಫಿಲಿಪ್ಪನ ಆಸ್ಥಾನದಲ್ಲಿ ಅವರನ್ನು ಸೋಲಿಸಿದನು. ಬಿಸಿಲಿನ ಉಪಾಯ ಅಲ್ಲಿ ಕೈಗೂಡಿದಂತೆ ತೋರುವುದಿಲ್ಲ.

ಅದೇ ಕಾಲದ ಅದೇ ದೇಶದ ಅವಿಲಾದ ಸಂತ ತೆರೇಸಾ ಈ ಆಟವನ್ನು ಬೇರೆಯ ಕಣ್ಣಿನಿಂದ ಕಂಡರು. ತಮ್ಮ ಧರ್ಮಭಗಿನಿಯರಿಗೆ ಪ್ರಾರ್ಥನೆಯ ಮಾರ್ಗವನ್ನು ಕಲಿಸುವಾಗ ಅವರು ಚದುರಂಗದ ಹೋಲಿಕೆಯನ್ನು ತಂದಿದ್ದಾರೆ. ಕಾಯಿಗಳನ್ನು ಜೋಡಿಸಲು ಬಾರದವರು ಆಡಲಾರರು. ರಾಜನನ್ನು ಒಲಿಸಿ ಹಿಡಿಯಬಲ್ಲ ಅತ್ಯಂತ ಬಲಶಾಲಿ ಕಾಯಿಯೆಂದರೆ ವಿನಯ ಎಂಬುದು ಅವರ ಮಾತಿನ ಸಾರ. ನಾವು ಮಂತ್ರಿ ಅಥವಾ ರಾಣಿ ಎಂದು ಕರೆಯುವ ಕಾಯಿಯ ಸ್ಥಾನವನ್ನು ಅವರು ವಿನಯಕ್ಕೆ ಕೊಟ್ಟರು. 1944ರಲ್ಲಿ ಸ್ಪೇನಿನ ಚದುರಂಗ ಆಟಗಾರರಿಗೆ ಅವರನ್ನು ಪಾಲಕ ಸಂತರೆಂದು ಸಾರಲಾಯಿತು. ಹಬ್ಬ ಅಕ್ಟೋಬರ್ 15ರಂದು.

ಈ ವಿನಯವನ್ನು ಮಕ್ಕಳ ಪಂದ್ಯಾವಳಿ ಹೇಗೆ ಕಲಿಸುತ್ತದೆ? ಅದರ ರಚನೆಯಲ್ಲಿಯೇ ಆ ಪಾಠ ಅಡಗಿದೆ. ಇಂತಹ ಪಂದ್ಯಾವಳಿಗಳಲ್ಲಿ ಹೆಚ್ಚಿನವು ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ಮೊದಲು ಬಳಕೆಗೆ ಬಂದುದರಿಂದ ಅದಕ್ಕೆ ಆ ಹೆಸರು. ಕುಸ್ತಿ, ಟೆನಿಸ್‌ಗಳಂತೆ ಒಮ್ಮೆ ಸೋತವರು ಇಲ್ಲಿ ಮನೆಗೆ ಹೋಗುವುದಿಲ್ಲ. ಗೆದ್ದವರಿಗೆ ಗೆದ್ದವರು ಜೋಡಿ, ಸೋತವರಿಗೆ ಸೋತವರು ಜೋಡಿ. ಪ್ರತಿ ಸುತ್ತಿನಲ್ಲಿಯೂ ಸಮಾನ ಅಂಕದವರನ್ನು ಸಾಧ್ಯವಾದಮಟ್ಟಿಗೆ ಎದುರುಬದುರು ಕೂರಿಸುತ್ತಾರೆ. ಬೆಳಿಗ್ಗೆ ಸೋತ ಮಗು ಕಣ್ಣೊರೆಸಿಕೊಂಡು ಮಧ್ಯಾಹ್ನ ಮತ್ತೆ ಕೂರಲೇಬೇಕು. ಗೆಲುವಿಗೆ ಒಂದು ಅಂಕ, ಸಮಕ್ಕೆ ಅರ್ಧ, ಸೋಲಿಗೆ ಸೊನ್ನೆ. ಆದರೆ ಸೊನ್ನೆ ಪಡೆದವನಿಗೂ ಮುಂದಿನ ಸುತ್ತಿನಲ್ಲಿ ಒಂದು ಕುರ್ಚಿ ಕಾದಿರುತ್ತದೆ.

ಕೊನೆಯಲ್ಲಿ ಇಬ್ಬರ ಅಂಕಗಳು ಸಮವಾದರೆ ಸಾಮಾನ್ಯವಾಗಿ ಅವರು ಎದುರಿಸಿದವರ ಅಂಕಗಳನ್ನು ಕೂಡಿಸಿ ನೋಡುತ್ತಾರೆ. ಬಲವಾದ ಎದುರಾಳಿಗಳನ್ನು ಎದುರಿಸಿದವನು ಮೇಲೇರುತ್ತಾನೆ. ಹೀಗಾಗಿ ಬಂಗಾರದ ಪದಕವೂ ಎಷ್ಟೋ ಸಲ ಬೇರೆ ಮೇಜುಗಳಲ್ಲಿ ಬೇರೆ ಮಕ್ಕಳು ಆಡಿದ ಆಟವನ್ನು ಅವಲಂಬಿಸಿರುತ್ತದೆ.

ಇದಕ್ಕೆ ಜಗತ್ತು ಬಲ್ಲ ನಿದರ್ಶನವೊಂದಿದೆ. 2002ರಲ್ಲಿ ಗ್ರೀಸ್ ದೇಶದ ಕ್ರೀಟ್ ದ್ವೀಪದ ಹೆರಾಕ್ಲಿಯನ್ ನಗರದಲ್ಲಿ ವಿಶ್ವ ಕಿರಿಯರ ಚದುರಂಗ ಸ್ಪರ್ಧೆಗಳು ನಡೆದವು. ಹನ್ನೆರಡು ವರ್ಷದೊಳಗಿನವರ ವಿಭಾಗದಲ್ಲಿ ಇಬ್ಬರು ಬಾಲಕರ ಅಂಕಗಳು ಮೊದಲ ಸ್ಥಾನದಲ್ಲಿ ಸಮನಾದವು. ಇಬ್ಬರೂ 1990ರಲ್ಲಿ ಹುಟ್ಟಿದವರು. ಒಬ್ಬನು ರಷ್ಯಾದ ಇಯಾನ್ ನೆಪೊಮ್‌ನಿಯಾಶಿ, ಇನ್ನೊಬ್ಬನು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್. ಸಮ ಅಂಕಗಳನ್ನು ಬಿಡಿಸುವ ಲೆಕ್ಕದಲ್ಲಿ ಚಿನ್ನ ರಷ್ಯಾದ ಬಾಲಕನಿಗೆ ದೊರೆಯಿತು. ನಾರ್ವೆಯ ಬಾಲಕ ಎರಡನೆಯ ಸ್ಥಾನದೊಡನೆ ಊರಿಗೆ ಮರಳಿದನು.

ಆ ಎರಡನೆಯ ಬಾಲಕ 2013ರ ನವೆಂಬರಿನಲ್ಲಿ ಚೆನ್ನೈನಲ್ಲಿ ನಮ್ಮ ವಿಶ್ವನಾಥನ್ ಆನಂದರನ್ನು ಆರೂವರೆ-ಮೂರೂವರೆ ಅಂಕಗಳಿಂದ ಸೋಲಿಸಿ ವಿಶ್ವವಿಜೇತನಾದನು. 2021ರಲ್ಲಿ ದುಬೈ ನಗರದಲ್ಲಿ, ಹೆರಾಕ್ಲಿಯನ್‌ನ ಆ ಇಬ್ಬರೇ ವಿಶ್ವಪಟ್ಟಕ್ಕಾಗಿ ಎದುರುಬದುರಾದರು. ಮೊದಲ ಐದು ಆಟಗಳು ಸಮವಾದವು. ಡಿಸೆಂಬರ್ 3ರಂದು ಆರಂಭವಾದ ಆರನೆಯ ಆಟ 136 ನಡೆಗಳವರೆಗೆ, ಏಳೂ ಮುಕ್ಕಾಲು ಗಂಟೆಗಳ ಕಾಲ ನಡೆಯಿತು. ವಿಶ್ವಪಟ್ಟದ ಇತಿಹಾಸದಲ್ಲಿ ಅಷ್ಟು ದೀರ್ಘವಾದ ಆಟ ಅದಕ್ಕೆ ಮೊದಲು ನಡೆದಿರಲಿಲ್ಲ. ಕಾರ್ಲ್‌ಸನ್ ಅದನ್ನು ಗೆದ್ದರು, ಕೊನೆಗೆ ಏಳೂವರೆ-ಮೂರೂವರೆ ಅಂಕಗಳಿಂದ ಪಟ್ಟವನ್ನೂ ಉಳಿಸಿಕೊಂಡರು.

ಈ ಕಥೆಯನ್ನು ಕೇಳಿದ ಕೂಡಲೇ, ‘ನೋಡು, ಇಂದು ಎರಡನೆಯವನಾದವನು ನಾಳೆ ಜಗತ್ತನ್ನೇ ಗೆಲ್ಲುತ್ತಾನೆ’ ಎಂದು ಮಕ್ಕಳಿಗೆ ಹೇಳಬೇಕೆನಿಸುವುದು ಸಹಜ. ಆದರೆ ನಾವು ಅಷ್ಟಕ್ಕೇ ನಿಲ್ಲುವಂತಿಲ್ಲ. ಹೆರಾಕ್ಲಿಯನ್‌ಗೆ ಬಂದಿದ್ದ ಮಕ್ಕಳಲ್ಲಿ ಬಹುಪಾಲು ಮಂದಿಯ ಹೆಸರನ್ನು ಇಂದು ಯಾರೂ ಅರಿಯರು. ಅವರೂ ಆಡಿದರು, ಸೋತರು, ಅತ್ತರು, ಮತ್ತೆ ಕುಳಿತರು. ಆಮೇಲೆ ತಮ್ಮ ತಮ್ಮ ಬದುಕಿನ ದಾರಿ ಹಿಡಿದರು. ವಿಶ್ವವಿಜೇತನಾಗದ ಮಗುವಿಗೆ ಈ ಆಟ ಏನನ್ನು ಕೊಟ್ಟಿತು ಎಂಬುದೇ ನಮ್ಮ ಕುಟುಂಬಗಳ ಪ್ರಶ್ನೆ. ಏಕೆಂದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಆ ಗುಂಪಿಗೆ ಸೇರಿದವರು.

ಹಾಗೆಂದು ನಮ್ಮ ನೆಲದಲ್ಲಿ ಸಾಧನೆಗೆ ಕೊರತೆಯಿದೆಯೆಂದು ಅರ್ಥವಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಹಲಗೆಯ ಅರವತ್ತನಾಲ್ಕು ಮನೆಗಳನ್ನೂ ಕುದುರೆ ಒಂದೊಂದೇ ಸಲ ಮುಟ್ಟಿ ಸುತ್ತಿಬರುವ ಜಾಣ್ಮೆಯ ರಚನೆಗಳನ್ನು ಮಾಡಿದವರು. ಅದೇ ಮೈಸೂರಿನ ಗಿರೀಶ್ ಕೌಶಿಕ್ 2007ರಲ್ಲಿ ಟರ್ಕಿ ದೇಶದಲ್ಲಿ ಹತ್ತು ವರ್ಷದೊಳಗಿನವರ ವಿಶ್ವಪಟ್ಟವನ್ನು ಗೆದ್ದರು. ಗ್ರ್ಯಾಂಡ್‌ಮಾಸ್ಟರ್ ಪದವಿ ಅವರಿಗೆ ದೊರೆತದ್ದು 2019ರಲ್ಲಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದ ಮೈಸೂರಿನ ತೇಜಕುಮಾರ್ ಅವರಿಗೆ ಆ ಪದವಿ 2017ರಲ್ಲಿ, ವಯಸ್ಸು ಮೂವತ್ತು ದಾಟಿದ ಬಳಿಕ ಬಂತು. ಮರುವರ್ಷ ಶಿವಮೊಗ್ಗದ ಸ್ಟ್ಯಾನಿ ಅವರೂ ಆ ಪದವಿಗೇರಿದರು. ಹತ್ತು ವರ್ಷದ ಬಾಲಕನ ಪಟ್ಟಕ್ಕೂ ದೊಡ್ಡವರ ಪದವಿಗೂ ನಡುವೆ ಹನ್ನೆರಡು ವರ್ಷ! ಚದುರಂಗದಲ್ಲಿ ಬೆಳೆ ಕೈಗೆ ಬರಲು ಅಷ್ಟು ಕಾಲ ಬೇಕು. ಒಂದೇ ಬೇಸಿಗೆಯಲ್ಲಿ ಫಲ ಬೇಡುವ ಪಾಲಕರು ಇದನ್ನು ಗಮನಿಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿಯೂ ಒಂದು ಮಾತು. ‘ಹುಡುಗಿಗೆ ಇಷ್ಟು ದೂರದ ಓಡಾಟ ಏಕೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುವುದುಂಟು. 2001ರಲ್ಲಿ ವಿಶ್ವ ಕಿರಿಯ ಬಾಲಕಿಯರ ಪಟ್ಟವನ್ನು ಗೆದ್ದ ಆಂಧ್ರದ ಕೊನೇರು ಹಂಪಿಯವರೂ, ನಾಗಪುರದ 19 ವರ್ಷದ ದಿವ್ಯಾ ದೇಶಮುಖರೂ 2025ರ ಜುಲೈ ತಿಂಗಳಿನಲ್ಲಿ ಜಾರ್ಜಿಯಾ ದೇಶದ ಬಟೂಮಿಯಲ್ಲಿ ಮಹಿಳೆಯರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಎದುರುಬದುರಾದರು. ಗೆದ್ದವರು ದಿವ್ಯಾ. ಇಬ್ಬರು ಭಾರತೀಯ ಹೆಣ್ಣುಮಕ್ಕಳು ಆ ಹಲಗೆಯ ಎರಡೂ ಬದಿಗಳಲ್ಲಿ ಕುಳಿತ ದೃಶ್ಯ ಆ ಮಾತಿಗೆ ಸಾಕಷ್ಟು ಉತ್ತರವಾಗಿದೆ.

ಪಾಲಕರು ಏನು ಮಾಡಬಹುದೆಂಬುದಕ್ಕೆ ಆನಂದರ ಮನೆಯ ನಿದರ್ಶನವಿದೆ. ಅವರು ಆಟವನ್ನು ಕಲಿತದ್ದು ತಾಯಿ ಸುಶೀಲಾ ಅವರಿಂದ. ತಂದೆಯ ಉದ್ಯೋಗದ ನಿಮಿತ್ತ ಕುಟುಂಬ ಫಿಲಿಪ್ಪೀನ್ಸಿನ ಮನಿಲಾದಲ್ಲಿದ್ದಾಗ ಅಲ್ಲಿಯ ದೂರದರ್ಶನದಲ್ಲಿ ಹಗಲಿನಲ್ಲಿ ಚದುರಂಗದ ಕಾರ್ಯಕ್ರಮವೊಂದು ಬರುತ್ತಿತ್ತು. ಮಗ ಶಾಲೆಯಲ್ಲಿರುವಾಗ ತಾಯಿ ಅದರ ಸಮಸ್ಯೆಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಸಂಜೆ ತಾಯಿ-ಮಗ ಕೂಡಿ ಅವನ್ನು ಬಿಡಿಸುತ್ತಿದ್ದರು. ಮುಂದೆ ಚೆನ್ನೈನ ಡಾನ್ ಬಾಸ್ಕೋ ಶಾಲೆಯಲ್ಲಿಯೂ ಲೊಯೋಲಾ ಕಾಲೇಜಿನಲ್ಲಿಯೂ ಓದಿದ ಆ ಬಾಲಕ 1987ರಲ್ಲಿ, ಅದೇ ಫಿಲಿಪ್ಪೀನ್ಸಿನ ಬಾಗಿಯೋ ನಗರದಲ್ಲಿ ವಿಶ್ವ ಕಿರಿಯರ ಪಟ್ಟವನ್ನು ಗೆದ್ದ ಮೊದಲ ಭಾರತೀಯನಾದನು. ಆ ತಾಯಿ ಮಾಡಿದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಅವರು ಮಗನೊಡನೆ ಹಲಗೆಯ ಮುಂದೆ ಕುಳಿತರು.

ನಾವೂ ಅಷ್ಟನ್ನು ಮಾಡಬಹುದು. ಮಗು ಹೊರಬಂದಾಗ ಮೊದಲು ನೀರು ಕೊಡೋಣ, ಬುತ್ತಿ ಬಿಚ್ಚೋಣ. ಆಟವಾಡುವವರು ತಮ್ಮ ನಡೆಯನ್ನೂ ಎದುರಾಳಿಯ ನಡೆಯನ್ನೂ ತಮ್ಮ ಕೈಯಿಂದಲೇ ಹಾಳೆಯಲ್ಲಿ ಬರೆಯಬೇಕೆಂಬ ನಿಯಮವಿದೆ. ತನ್ನ ತಪ್ಪನ್ನು ತನ್ನ ಅಕ್ಷರದಲ್ಲಿಯೇ ದಾಖಲಿಸುವುದು ಚಿಕ್ಕ ಶಿಸ್ತಲ್ಲ. ಪಾಪನಿವೇದನೆಗೆ ಮುನ್ನ ನಾವು ಮಾಡಿಕೊಳ್ಳುವ ಆತ್ಮಶೋಧನೆಯ ನೆನಪನ್ನು ಅದು ತರುತ್ತದೆ. ಆ ಹಾಳೆಯನ್ನು ಕೇಳಿ ಪಡೆಯೋಣ. “ಎಲ್ಲಿ ತಪ್ಪಿತು ತೋರಿಸು” ಎಂದು ಗದರಿಸುವ ದನಿಯಲ್ಲಿ ಅಲ್ಲ, “ಯಾವ ನಡಿ ನಿನಗ ಚೊಲೊ ಅನ್ನಿಸ್ತವ್ವಾ?” ಎಂದು ಕೇಳೋಣ. ಆಟ ಗೊತ್ತಿಲ್ಲದ ತಂದೆ-ತಾಯಿಗೂ ಇದು ಸಾಧ್ಯ. ಸೋತ ಮಗುವಿನೆದುರು ಗೆದ್ದ ಮಗುವನ್ನು ಹೊಗಳಿ ಹೋಲಿಸುವುದನ್ನೂ, ಗೆದ್ದ ಮಗುವಿನ ಮುಂದೆ ಸೋತವನನ್ನು ಹೀಗಳೆಯುವುದನ್ನೂ ಬಿಡೋಣ.

ಇನ್ನು ಒಂದು ಪ್ರಶ್ನೆಯನ್ನು ಕೇಳುವ ಧೈರ್ಯ ನಮಗೆ ಬರಬೇಕು: “ಮುಟ್ಟಿದ ಕಾಯಿನ್ನ ನಡೆಸಿದಿಯಾ?” ಈ ಪ್ರಶ್ನೆಯನ್ನು ಕೇಳುವ ಪಾಲಕರು ತಾವೂ ಅದಕ್ಕೆ ಉತ್ತರ ಕೊಡಲು ಸಿದ್ಧರಿರಬೇಕಾಗುತ್ತದೆ. ವಯಸ್ಸಿನ ದಾಖಲೆಯನ್ನು ತಿದ್ದಿ ಮಗುವನ್ನು ಕಿರಿಯರ ವಿಭಾಗಕ್ಕೆ ಸೇರಿಸುವ, ಗೆಳೆಯನೊಡನೆ ಮೊದಲೇ ಮಾತಾಡಿಕೊಂಡು ಸಮ ಮಾಡಿಕೊಳ್ಳೆಂದು ಹೇಳಿಕೊಡುವ, ಕಿಟಕಿಯಿಂದ ಕಣ್ಣಸನ್ನೆ ಮಾಡುವ ಹಿರಿಯರ ಮುಂದೆ ಆ ಪ್ರಶ್ನೆಗೆ ಅರ್ಥವಿಲ್ಲ. ತೂಕದಲ್ಲಿ, ಅಳತೆಯಲ್ಲಿ, ಕೊಟ್ಟ ಮಾತಿನಲ್ಲಿ ನಾವೂ ದಿನವೂ ಕಾಯಿಗಳನ್ನು ಮುಟ್ಟುತ್ತೇವೆ. ಯಾರೂ ನೋಡಲಿಲ್ಲವೆಂದು ಕೈಯನ್ನು ಹಿಂದಕ್ಕೆಳೆದುಕೊಳ್ಳುವುದೂ ಉಂಟು. ಮಗು ಹಲಗೆಯ ಮೇಲೆ ಮಾಡುವುದನ್ನು ಮನೆಯಲ್ಲಿ ಕಂಡು ಕಲಿತಿರುತ್ತದೆ.

ಮತ್ತೆ ಹುಲಗೂರಿನ ಆ ಬಾಲಕಿಯ ಬಳಿಗೆ ಹೋಗೋಣ. ನಲವತ್ತೆಂಟನೆಯ ನಡೆ ಎಂದಿಟ್ಟುಕೊಳ್ಳಿ. ಆ ಒಂದು ಕಾಲಾಳು ಈಗ ಹಲಗೆಯ ಕೊನೆಯ ಸಾಲಿನತ್ತ ಹೊರಟಿದೆ; ಅಲ್ಲಿ ತಲುಪಿದರೆ ಅದು ಮಂತ್ರಿಯಾಗುತ್ತದೆ, ತಡೆಯುವವರು ಯಾರೂ ಇಲ್ಲ. ಬಾಲಕಿ ಹಲಗೆಯನ್ನು ಒಮ್ಮೆ ನೋಡುತ್ತಾಳೆ. ಗಡಿಯಾರವನ್ನು ನಿಲ್ಲಿಸಿ ಬಲಗೈಯನ್ನು ಮುಂದೆ ಚಾಚುತ್ತಾಳೆ. ಹಾನಗಲ್ಲಿನ ಬಾಲಕ ಒಂದು ಕ್ಷಣ ತಡೆದು ಆ ಕೈಯನ್ನು ಹಿಡಿದುಕೊಳ್ಳುತ್ತಾನೆ. ಇಬ್ಬರೂ ಫಲಿತಾಂಶವನ್ನು ಬರೆದು, ಒಬ್ಬರ ಹಾಳೆಗೆ ಇನ್ನೊಬ್ಬರು ಸಹಿ ಹಾಕುತ್ತಾರೆ. ಕಾಯಿಗಳನ್ನು ಮೊದಲಿದ್ದಂತೆ ಕೂಡಿಯೇ ಜೋಡಿಸುತ್ತಾರೆ. ಬಳಿಕ ಬಾಲಕ, “ಎಂಟನೇ ನಡೆಯಾಗ ಮಂತ್ರಿ ಯಾಕ ಅಲ್ಲಿ ಇಟ್ಟಿ? ಒಂಟಿ ನಡೆಸಿದ್ದರ ಛಲೋ ಇತ್ತಲ್ಲ?” ಎಂದು ಕೇಳುತ್ತಾನೆ.

“ಮುಟ್ಟಿಬಿಟ್ಟಿದ್ದೆ” ಎನ್ನುತ್ತಾಳೆ ಬಾಲಕಿ.

ಅವನು ಮುಂದೆ ಏನೂ ಹೇಳುವುದಿಲ್ಲ. ಆದರೆ ಮುಂದಿನ ಸುತ್ತಿನಲ್ಲಿ ತನ್ನ ಬೆರಳು ತಪ್ಪಿ ಕಾಯಿಯೊಂದಕ್ಕೆ ತಗುಲಿದಾಗ, ಯಾರೂ ನೋಡದಿದ್ದರೂ, ಅವನಿಗೆ ಆ ಮಾತು ನೆನಪಾಗದೆ ಇರದು. ಬಾಗಿಲ ಹೊರಗೆ ಬುತ್ತಿಯ ಚೀಲ ಹಿಡಿದು ನಿಂತಿರುವ ನಾವು ಆ ಮಾತನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ಸುಮ್ಮನಿರಲು ಕಲಿಯೋಣ.